ಮಾಯದ ಗಾಯಕ್ಕೆ ಆಕರಕೋಶ

ಕೇಳುಗರಿಗೆ ನಮಸ್ಕಾರ.

ಚಾಕು ತಗುಲಿ ಬೆರಳು ಕುಯ್ದರೆ ಕೆಲವೇ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಒಂದೆರಡು ದಿನ ಸುತ್ತಲಿನ ಚರ್ಮ ಕೆಂಪಗೆ ಊದಿಕೊಂಡಿರುತ್ತದೆ, ಆಮೇಲೆ ಹಕ್ಕಳೆಯ ಅಡಿಯಲ್ಲಿ ಸದ್ದಿಲ್ಲದೆ ಹೊಸ ಚರ್ಮ ಮೂಡುತ್ತದೆ. ಮಧುಮೇಹಿಗಳ ಅಂಗಾಲಿನ ಹುಣ್ಣಾಗಲಿ, ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣಾಗಲಿ ಹೀಗೆ ಮಾಯುವುದಿಲ್ಲ. ಅವು ಊತದ ಹಂತದಲ್ಲಿಯೇ ಸಿಕ್ಕಿಕೊಂಡು ತಿಂಗಳುಗಟ್ಟಲೆ ಹಸಿಯಾಗಿರುತ್ತವೆ. ಸೋಂಕನ್ನು ಎದುರಿಸಲು ಬಂದ ಬಿಳಿ ರಕ್ತಕಣಗಳು ಅಲ್ಲಿಯೇ ಠಿಕಾಣಿ ಹೂಡಿ, ತಾವು ಸುರಿಸುವ ಕಿಣ್ವಗಳಿಂದ ಹೊಸ ಅಂಗಾಂಶಕ್ಕೆ ಹಂದರವಾಗಬೇಕಾದ ಕೊಲಾಜನ್ ಎಳೆಗಳನ್ನೂ, ಕೋಶಗಳಿಗೆ ಬೆಳೆಯಲು ಸೂಚನೆ ಕೊಡುವ ಪ್ರೋಟೀನುಗಳನ್ನೂ ಕತ್ತರಿಸಿ ಹಾಕುತ್ತಿರುತ್ತವೆ.

ಇಂಥ ಗಾಯಕ್ಕೆ ಮೂಳೆಮಜ್ಜೆ ಅಥವಾ ಕೊಬ್ಬಿನಿಂದ ತೆಗೆದ ಆಕರಕೋಶಗಳನ್ನು, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳನ್ನು, ಹಾಕಿದರೆ ಅವೇ ಚರ್ಮವಾಗಿ ಬೆಳೆದು ಗುಳಿಯನ್ನು ತುಂಬುತ್ತವೆ ಎಂದು ನಾವು ಊಹಿಸಿಕೊಳ್ಳುತ್ತೇವೆ. ಆದರೆ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡದ್ದೇ ಬೇರೆ: ಹಾಕಿದ ಕೋಶಗಳಲ್ಲಿ ಹೆಚ್ಚಿನವು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಸಾಯುತ್ತವೆ, ಆದರೂ ಗಾಯ ಬೇಗ ಮಾಯುತ್ತದೆ. ಅಷ್ಟೇ ಅಲ್ಲ, ಕೋಶಗಳನ್ನು ಬೆಳೆಸಿದ ದ್ರವವನ್ನಷ್ಟೇ ಸೋಸಿ ಹಚ್ಚಿದರೂ ಸ್ವಲ್ಪಮಟ್ಟಿಗೆ ಅದೇ ಗುಣ ಕಾಣುತ್ತದೆ. ಅಂದರೆ ಬದುಕಿರುವಷ್ಟು ಹೊತ್ತು ಈ ಕೋಶಗಳು ಸ್ರವಿಸುವ ವಸ್ತುಗಳೇ ಊತವನ್ನು ತಗ್ಗಿಸಿ, ಹೊಸ ರಕ್ತನಾಳಗಳನ್ನು ಚಿಗುರಿಸಿ, ರೋಗಿಯ ಸ್ವಂತ ಕೋಶಗಳನ್ನು ಕೆಲಸಕ್ಕೆ ಎಬ್ಬಿಸುತ್ತವೆ. 1991ರಲ್ಲಿ ಇವುಗಳಿಗೆ ‘ಮೀಸೆಂಕೈಮಲ್ ಸ್ಟೆಮ್ ಸೆಲ್’ ಎಂಬ ಹೆಸರನ್ನು ರೂಢಿಗೆ ತಂದ ಅಮೆರಿಕದ ಜೀವವಿಜ್ಞಾನಿ ಆರ್ನಾಲ್ಡ್ ಕ್ಯಾಪ್ಲನ್ ಅವರೇ, ಇದೇ ಕಾರಣಕ್ಕೆ, 2017ರಲ್ಲಿ ಆ ಹೆಸರನ್ನು ಬದಲಿಸಬೇಕೆಂದು ಬರೆದರು. ತಾವಿಟ್ಟ ಹೆಸರನ್ನು ತಾವೇ ಹಿಂದಕ್ಕೆ ಪಡೆಯುವವರು ಅಪರೂಪ.

ನಿಜವಾಗಿಯೂ ಚರ್ಮವಾಗಿ ಬೆಳೆಯುವುದು ಚರ್ಮದ್ದೇ ಆಕರಕೋಶ. ಮುಟ್ಟಿದರೆ ಸುಲಿದುಬರುವ ಆನುವಂಶಿಕ ಚರ್ಮರೋಗವಿದ್ದ ಏಳು ವರ್ಷದ ಬಾಲಕನೊಬ್ಬನ ಕೋಶಗಳಲ್ಲಿ ಜೀನ್ ಸರಿಪಡಿಸಿ, ಹಾಳೆಗಳಂತೆ ಬೆಳೆಸಿ ಹೊದಿಸಿದಾಗ, ಅವನ ಹೊರಚರ್ಮದ ಸುಮಾರು ಶೇಕಡ 80ರಷ್ಟು ಹೊಸದಾಗಿ ಬಂದ ವರದಿ 2017ರಲ್ಲಿ ಪ್ರಕಟವಾಯಿತು. ಅದು ಬೇರೆಯೇ ರೋಗ, ಬೇರೆಯೇ ದಾರಿ.

ಹುಣ್ಣಿನ ಮೇಲೆ ಕೋಶಗಳು ಜಾರಿಹೋಗದಂತೆ ಹಿಡಿದಿಡುವುದೂ ಸುಲಭವಲ್ಲ. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್‌ನೊಡನೆ ಬೆರೆಸಿ ಸಿಂಪಡಿಸುವುದು ಒಂದು ಉಪಾಯ. ಮೆತ್ತನೆಯ ಜೆಲ್‌ನಲ್ಲಿ ಹುದುಗಿಸಿಡುವುದು ಇನ್ನೊಂದು. ಇವೆಲ್ಲ ಬಹುಮಟ್ಟಿಗೆ ಇನ್ನೂ ಪ್ರಯೋಗದ ಹಂತದಲ್ಲಿವೆ, ಆದ್ದರಿಂದ ಖಚಿತ ವಾಸಿಯ ಭರವಸೆ ಕೊಟ್ಟು ಹಣ ಕೇಳುವವರನ್ನು ನಾನಂತೂ ನಂಬಲಾರೆ. ಸತ್ತ ಅಂಗಾಂಶವನ್ನು ಕೆರೆದು ತೆಗೆಯದೆ, ಕಾಲಿಗೆ ರಕ್ತ ಹರಿಯುವಂತೆ ಮಾಡದೆ, ಪ್ರತಿ ಹೆಜ್ಜೆಗೂ ಮೈಭಾರವೆಲ್ಲ ಅದೇ ಹುಣ್ಣಿನ ಮೇಲೆ ಬೀಳಲು ಬಿಟ್ಟರೆ, ಎಷ್ಟು ಲಕ್ಷ ಕೋಶಗಳನ್ನು ಸುರಿದರೂ ಅವು ಅಲ್ಲಿಯೇ ಸಾಯುತ್ತವೆ.