ಗುಟ್ಟಿನ ಸ್ವಿಚ್ಚು

(ಗೂಡ್ಸ್ ಗಾಡಿ ಮಾಲೀಕರು ಮತ್ತು ಚಾಲಕರ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಭಾಷಣ ಮಾಡಿ ನನಗೆ ಅಭ್ಯಾಸ ಇಲ್ಲ. ಇಪ್ಪತ್ತೆರಡು ವರ್ಷದಿಂದ ಗಾಡಿಗಳ ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ವೈರಿಂಗ್ ಮಾಡಿಕೊಂಡು ಬಂದವನು. ಕೈಯಲ್ಲಿ ಟೆಸ್ಟ್ ಲ್ಯಾಂಪ್ ಬದಲು ಮೈಕ್ ಇರೋದು ಇದೇ ಮೊದಲು. ಹೆಚ್ಚುಕಮ್ಮಿ ಆದರೆ ಹೊಟ್ಟೆಗೆ ಹಾಕಿಕೊಳ್ಳಿ.

ಪಿಕಪ್ ಕಳುವಾಗದ ಹಾಗೆ ಏನು ಮಾಡಬೇಕು, ಹೇಳಿ ಅಂದರು. ಮೊದಲು ನಾನು ಮಾಡಿದ ಒಂದು ತಪ್ಪು ಹೇಳಿಬಿಡುತ್ತೇನೆ.

ಎಷ್ಟೋ ಹಳೆ ಡೀಸೆಲ್ ಗಾಡಿಗಳಲ್ಲಿ ಡೀಸೆಲ್ ಪಂಪಿನ ಮೇಲೆ ಹೆಬ್ಬೆರಳು ಗಾತ್ರದ ಸೊಲೆನಾಯ್ಡ್, ಅಂದರೆ ಕರೆಂಟಲ್ಲಿ ಕೆಲಸ ಮಾಡೋ ವಾಲ್ವು ಇರುತ್ತದೆ. ಅದಕ್ಕೆ ಹೋಗೋದು ಒಂದೇ ವೈರು. ಕರೆಂಟ್ ಬಂದರೆ ಡೀಸೆಲ್ ದಾರಿ ತೆರೆಯುತ್ತದೆ, ನಿಂತರೆ ಮುಚ್ಚುತ್ತದೆ. ಆ ವೈರಿನ ಮಧ್ಯೆ ಒಂದು ಸಣ್ಣ ಸ್ವಿಚ್ಚು ಸೇರಿಸಿ, ಕಾಣದ ಕಡೆ ಇಟ್ಟರೆ ಆಯ್ತು. ಆಫ್ ಮಾಡಿ ಇಳಿದರೆ ಸೆಲ್ಫ್ ಹೊಡೆಯುತ್ತದೆ, ಇಂಜಿನ್ ಮಾತ್ರ ಸ್ಟಾರ್ಟ್ ಆಗೋದಿಲ್ಲ. ತಳ್ಳಿದರೂ ಇಲ್ಲ. ಕೆಲವರು ಸೆಲ್ಫ್ ವೈರಿಗೆ ಮಾತ್ರ ಸ್ವಿಚ್ಚು ಹಾಕುತ್ತಾರೆ. ಅದು ಅಷ್ಟಕ್ಕಷ್ಟೇ. ಇಗ್ನಿಷನ್ ವೈರು ಕೂಡಿಸಿ, ಇಳಿಜಾರಲ್ಲಿ ತಳ್ಳಿ, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಗಾಡಿ ಹೊರಟೇಬಿಡುತ್ತದೆ.

ನಾನು ಹಾಕಿದ್ದು ಸೊಲೆನಾಯ್ಡ್ ವೈರಿಗೇ. ತಪ್ಪಾಗಿದ್ದು ಜಾಗದಲ್ಲಿ. ಕೈಗೆ ಸುಲಭ ಅಂತ ಎಲ್ಲರಿಗೂ ಫ್ಯೂಸ್ ಬಾಕ್ಸ್ ಪಕ್ಕದಲ್ಲೇ ಹಾಕಿದೆ. ಹದಿನೈದು ನಿಮಿಷದ ಕೆಲಸ. ಒಂದು ದಿನ ತೆಂಗಿನಕಾಯಿ ಲೋಡ್ ಹೊಡೆಯೋ ಒಬ್ಬ ಅಣ್ಣ ಬೆಳಿಗ್ಗೆ ಐದು ಗಂಟೆಗೆ ಫೋನ್ ಮಾಡಿದರು. ಮನೆ ಮುಂದೆ ನಿಲ್ಲಿಸಿದ್ದ ಬೊಲೆರೋ ಪಿಕಪ್ ಇಲ್ಲ. ಸ್ವಿಚ್ ಆಫ್ ಮಾಡಿಯೇ ಮಲಗಿದ್ದೆ ಅಂತ ಮಕ್ಕಳ ಮೇಲೆ ಆಣೆ ಇಟ್ಟರು. ಹನ್ನೊಂದು ದಿನ ಆದಮೇಲೆ ಗಾಡಿ ಸಿಕ್ಕಿತು. ಬ್ಯಾಟರಿ, ಸ್ಟೆಪ್ನಿ, ಟಾರ್ಪಾಲು ಯಾವುದೂ ಇರಲಿಲ್ಲ. ನಾನೇ ಹೋಗಿ ಬಗ್ಗಿ ನೋಡಿದೆ. ಸೊಲೆನಾಯ್ಡ್ ಕಡೆ ಒಂದು ವೈರನ್ನೂ ಯಾರೂ ಮುಟ್ಟಿರಲಿಲ್ಲ. ನನ್ನ ಟೇಪು ಸುತ್ತಿದ ಹಾಗೇ ಇತ್ತು. ಸ್ವಿಚ್ಚು ಆನ್ ಆಗಿತ್ತು, ಅಷ್ಟೇ.

ಬಂದವನು ಹುಡುಕಿಲ್ಲ, ನೇರ ಅಲ್ಲಿಗೇ ಕೈ ಹಾಕಿದ್ದಾನೆ. ನನ್ನ ಅಂಗಡಿಯಲ್ಲಿ ಕೆಲಸ ಕಲಿತು ಹೋದವರು ಎಷ್ಟು ಜನ, ಅಲ್ಲಿ ಸುಮ್ನೆ ಟೀ ಕುಡೀತಾ ನೋಡಿದವರು ಎಷ್ಟು ಜನ, ಯಾರ ಮೇಲೆ ಅನುಮಾನ ಪಡೋದು? ಸ್ವಿಚ್ಚು ಬಚ್ಚಿಟ್ಟವನೂ ನಾನೇ, ಜಾಗ ಊರಿಗೆಲ್ಲ ತೋರಿಸಿದವನೂ ನಾನೇ.

ಅವತ್ತಿನಿಂದ ನನ್ನ ಲೆಕ್ಕ ಬೇರೆಯಾಯ್ತು. ಕಳ್ಳನಿಗೆ ಬೇಕಾಗಿರೋದು ಶಕ್ತಿ ಅಲ್ಲ, ನಿಮ್ಮ ಅಭ್ಯಾಸದ ಮಾಹಿತಿ. ಕೀ ಎಲ್ಲಿಡುತ್ತೀರಿ, ಎಲ್ಲಿ ಟೀಗೆ ನಿಲ್ಲಿಸುತ್ತೀರಿ, ಎಷ್ಟು ಹೊತ್ತಿಗೆ ಮಲಗುತ್ತೀರಿ, ಅವನಿಗೆ ಬೇಕಿರೋದು ಇಷ್ಟೇ.

2023ರ ಜುಲೈ ನೆನಪಿದೆಯಾ? ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿತ್ತು. ಚಿತ್ರದುರ್ಗ ಕಡೆಯಿಂದ ಕೋಲಾರದ ಮಾರ್ಕೆಟ್ಟಿಗೆ ಎರಡು ಟನ್‌ಗೂ ಜಾಸ್ತಿ ಟೊಮೆಟೊ ಹೊತ್ತು ಹೊರಟಿದ್ದ ಪಿಕಪ್‌ನ ಬೆಂಗಳೂರಲ್ಲಿ ಅಡ್ಡಗಟ್ಟಿದರು. ನಮ್ಮ ಕಾರಿಗೆ ಗುದ್ದಿದ್ದೀಯ, ದುಡ್ಡು ಕೊಡು ಅಂತ ಜಗಳ ತೆಗೆದು, ಕೊನೆಗೆ ಗಾಡಿಯನ್ನೇ ಹೊಡೆದುಕೊಂಡು ಹೋದರು. ಚೆನ್ನೈನಲ್ಲಿ ಟೊಮೆಟೊ ಮಾರಿ, ಗಾಡಿ ತಂದು ಬಿಟ್ಟು ಹೋದರು. ಅವರಿಗೆ ಬೇಕಾಗಿದ್ದು ಲೋಡು. ಇಂಥ ಕಡೆ ನನ್ನ ಸ್ವಿಚ್ಚು ಏನು ಮಾಡೀತು? ರಾತ್ರಿ ಯಾರಾದರೂ ಗುದ್ದಿದ್ದೀಯ ಅಂತ ಕೈ ಅಡ್ಡ ಹಿಡಿದರೆ, ಒಂಟಿ ಜಾಗದಲ್ಲಿ ಇಳಿಯಬೇಡಿ. ಜನ ಇರೋ ಪೆಟ್ರೋಲ್ ಬಂಕಿನ ತನಕ ಹೋಗಿ ನಿಲ್ಲಿಸಿ, 112ಕ್ಕೆ ಫೋನ್ ಮಾಡಿ.

ಈಗ ಕೀ ವಿಷಯ. ಇದಕ್ಕೆ ನೀವು ಬೈದುಕೊಂಡರೂ ಪರವಾಗಿಲ್ಲ. ಎರಡನೇ ಕೀಯನ್ನ ಗಾಡಿಯ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲೇ ಇಡೋ ಮಹಾನುಭಾವರು ನಮ್ಮಲ್ಲಿ ಇದ್ದಾರೆ. ಒರಿಜಿನಲ್ ಆರ್‌ಸಿ, ಇನ್ಶೂರೆನ್ಸ್ ಎಲ್ಲ ಅದರ ಪಕ್ಕದಲ್ಲೇ. ಕಳ್ಳನಿಗೆ ಶೋರೂಮಿನವರೂ ಇಷ್ಟು ಚೆನ್ನಾಗಿ ಜೋಡಿಸಿಕೊಡೋದಿಲ್ಲ. ಕಳುವಾದ ಮೇಲೆ ಇನ್ಶೂರೆನ್ಸ್‌ನವರು ಸಾಮಾನ್ಯವಾಗಿ ಕೇಳೋದೇ ಎರಡೂ ಕೀ ಎಲ್ಲಿ ಅಂತ. ಒಂದು ಗಾಡಿಯ ಜೊತೆ ಹೋಯ್ತು ಅಂದರೆ ಮುಗೀತು, ಅಲೆದಾಟ ಶುರು.

ಇನ್ನೊಂದು ಮಾತು. ಬರೀ ಥರ್ಡ್ ಪಾರ್ಟಿ ಕಟ್ಟಿದ್ದರೆ ಕಳುವಿಗೆ ನಯಾಪೈಸೆ ಬರೋದಿಲ್ಲ. ಫುಲ್ ಇನ್ಶೂರೆನ್ಸ್ ಬೇಕು. ಸಾಲ ಇದ್ದರೆ ಬಂದ ದುಡ್ಡು ಮೊದಲು ಫೈನಾನ್ಸ್‌ಗೆ ಹೋಗುತ್ತದೆ. ಗಾಡಿ ಇಲ್ಲದಿದ್ದರೂ ಕಂತು ಮಾತ್ರ ನಿಲ್ಲೋದಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಒಂದು ಲಾರಿ ಕಳುವಿನ ಕೇಸು ನೋಡಿತು. ಡ್ರೈವರ್ ಫ್ಯಾಕ್ಟರಿಯ ದಾರಿ ಕೇಳೋಕೆ ಇಳಿದಿದ್ದ, ಕೀ ಗಾಡಿಯಲ್ಲೇ ಇತ್ತು. ಕೋರ್ಟು ಪೂರ್ತಿ ಇಲ್ಲ ಅನ್ನಲಿಲ್ಲ, ಮುಕ್ಕಾಲು ಭಾಗ ಕೊಡಿ ಅಂತು. ದಾರಿ ಕೇಳೋಕೆ ಇಳಿದಾಗ ಕೀ ಬಿಟ್ಟದ್ದಕ್ಕೆ ಕಾಲು ಭಾಗ ಹೋಯ್ತು. ಆಮೇಲೆ ಕಂಪನಿಯವರು ಲೇಟಾಗಿ ಹೇಳಿದಿರಿ ಅಂದರೆ ಸುಮ್ಮನಾಗಬೇಡಿ. 2020ರಲ್ಲಿ ಒಂದು ಟ್ರಾಕ್ಟರ್ ಕೇಸಲ್ಲಿ ಪೊಲೀಸರಿಗೆ ಅವತ್ತೇ ದೂರು ಕೊಟ್ಟಿದ್ದರು, ಕಂಪನಿಗೆ ತಿಳಿಸಿದ್ದು 52 ದಿನದ ಮೇಲೆ. ಆದರೂ ಬರೀ ಆ ಕಾರಣಕ್ಕೆ ದುಡ್ಡು ನಿರಾಕರಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿತು. ಅಂದರೆ ಮೊದಲು ಓಡಬೇಕಾಗಿರೋದು ಸ್ಟೇಷನ್ನಿಗೆ.

ಜಿಪಿಎಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಳ್ಳೆಯದೇ. ಆದರೆ ಒಳಗೆ ಸ್ವಂತ ಬ್ಯಾಟರಿ ಇರೋದು ತಗೊಳ್ಳಿ. ಇಲ್ಲದಿದ್ದರೆ ಬ್ಯಾಟರಿ ಟರ್ಮಿನಲ್ ಕಿತ್ತ ಕ್ಷಣ ಅದೂ ಸತ್ತ ಹಾಗೆ. ಪೂರ್ತಿ ತಗಡಿನ ಒಳಗೆ ಮುಚ್ಚಿಡಬೇಡಿ, ಸಿಗ್ನಲ್ ಸಿಗೋದಿಲ್ಲ. ನನ್ನ ಹತ್ತಿರ ಬಂದ ಎಷ್ಟೋ ಜಿಪಿಎಸ್‌ಗಳಿಗೆ ಇದ್ದ ಕಾಯಿಲೆ ಒಂದೇ: ಸಿಮ್ಮಿಗೆ ರೀಚಾರ್ಜ್ ಮಾಡಿಸಿಲ್ಲ!

ಫಾಸ್ಟ್ಯಾಗ್ ಇದೆಯಲ್ಲ, ಅದೂ ಒಂಥರಾ ಜಿಪಿಎಸ್ಸೇ. ನಂಬರ್ ಪ್ಲೇಟ್ ಬದಲಾಯಿಸಿದವನು ಗಾಜಿನ ಮೇಲಿನ ಸ್ಟಿಕ್ಕರ್ ಮರೆತರೆ, ಯಾವ ಟೋಲ್ ದಾಟಿದ ಅಂತ ನಿಮ್ಮ ಮೊಬೈಲಿಗೇ ಮೆಸೇಜ್ ಬರುತ್ತದೆ. ಹಾಗಾಗಿ ಗಾಬರಿಯಲ್ಲಿ ಅದನ್ನ ತಕ್ಷಣ ಬ್ಲಾಕ್ ಮಾಡಿಸಬೇಡಿ. ಮೊದಲು ಪೊಲೀಸರನ್ನ ಕೇಳಿ.

ಹೊಸ ಗಾಡಿಯವರು ನನ್ನಂಥವನ ಕೈಯಲ್ಲಿ ವೈರ್ ಕಟ್ ಮಾಡಿಸಬೇಡಿ. ವಾರಂಟಿಗೆ ತಕರಾರು ಬರುತ್ತದೆ, ಸೆನ್ಸರ್ ತೊಂದರೆ ಬೇರೆ. ನಿಮಗೆ ಸ್ಟಿಯರಿಂಗಿಗೆ ಹಾಕೋ ಕಬ್ಬಿಣದ ರಾಡ್ ಲಾಕ್ ಸಾಕು. ಗಾಜಿನಿಂದ ಎದ್ದು ಕಾಣಬೇಕು. ಬ್ಯಾಟರಿಗೆ ಪಟ್ಟಿ ಹೊಡೆಸಿ ಬೀಗ ಹಾಕಿ, ಸ್ಟೆಪ್ನಿಗೆ ಚೈನು ಬಿಗಿಯಿರಿ. ರಾತ್ರಿ ನಿಲ್ಲಿಸುವಾಗ ಮೂತಿ ಗೋಡೆ ಕಡೆ ಇರಲಿ, ಚಕ್ರ ಪೂರ್ತಿ ತಿರುಗಿಸಿ, ಗೇರಲ್ಲಿ ಬಿಡಿ. ಹಿಂದಕ್ಕೆ ತಳ್ಳಿ ತಿರುಗಿಸೋಷ್ಟರಲ್ಲಿ ಯಾವುದಾದರೂ ನಾಯಿ ಬೊಗಳುತ್ತದೆ.

ಅಲ್ಲಿ ಹಿಂದೆ ಕೂತಿರೋ ತಮ್ಮ ಆಗಲೇ ಕೈ ಎತ್ತಿದ್ದ. ಹಾಗಾದರೆ ಹಳೆ ಗಾಡಿಗೆ ಸ್ವಿಚ್ಚು ಎಲ್ಲಿ ಹಾಕಿಸಬೇಕು ಅಂತ ತಾನೇ ನಿನ್ನ ಪ್ರಶ್ನೆ? ಇಷ್ಟು ಜನರ ಮುಂದೆ ನಾನು ಹೇಳೋದಿಲ್ಲಪ್ಪ. ಭಾನುವಾರ ಅಂಗಡಿಗೆ ರಜೆ, ಹುಡುಗರು ಇರೋದಿಲ್ಲ. ಒಬ್ಬನೇ ಗಾಡಿ ತಗೊಂಡು ಬಾ.