ಓಟವೇ ಬಾರದ ವಿಂಗರ್: ಜಾನ್ ರಾಬರ್ಟ್‌ಸನ್ ಎರಡು ಯುರೋಪಿಯನ್ ಕಪ್ ತಂದುಕೊಟ್ಟಿದ್ದು ಹೇಗೆ?

[ಪರದೆ ಮೇಲೆ: ಮ್ಯಾಡ್ರಿಡ್, ಮೇ 28, 1980]

ಮ್ಯಾಡ್ರಿಡ್‌ನ ಬರ್ನಬ್ಯೂ ಮೈದಾನ. ಯುರೋಪಿಯನ್ ಕಪ್ ಫೈನಲ್. ಈಗ ಚಾಂಪಿಯನ್ಸ್ ಲೀಗ್ ಅಂತ ರಾತ್ರಿ ನಿದ್ದೆಗೆಟ್ಟು ನೋಡುತ್ತೇವಲ್ಲ, ಅದರ ಹಳೇ ಹೆಸರು ಇದು.

ಒಂದು ಕಡೆ ಜರ್ಮನಿಯ ಹ್ಯಾಂಬರ್ಗ್. ಮುಂದೆ ಕೆವಿನ್ ಕೀಗನ್, ಸತತ ಎರಡು ವರ್ಷ ಯುರೋಪಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡವರು. ಹಿಂದೆ ಬಲಗಡೆ ಮಾನ್‌ಫ್ರೆಡ್ ಕಾಲ್ಟ್ಸ್. ಆ ಕಾಲದ ರೈಟ್ ಬ್ಯಾಕ್‌ಗಳಲ್ಲಿ ಅವರನ್ನು ಮೀರಿಸುವವರು ಸಿಗುವುದು ಕಷ್ಟ. ಇನ್ನೊಂದು ಕಡೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್. ಮೂರೇ ವರ್ಷದ ಹಿಂದೆ ಎರಡನೇ ಡಿವಿಷನ್‌ನಲ್ಲಿ ಆಡುತ್ತಿದ್ದ ತಂಡ.

ಪಂದ್ಯಕ್ಕೆ ಮುಂಚೆ ಫಾರೆಸ್ಟ್ ಮ್ಯಾನೇಜರ್ ಬ್ರಯನ್ ಕ್ಲಫ್ ಅವರಿಗೆ ಕಾಲ್ಟ್ಸ್ ಬಗ್ಗೆ ಪ್ರಶ್ನೆ ಬಂತು. ಅವರು ಕೊಟ್ಟ ಉತ್ತರದ ಸಾರ ಇಷ್ಟು: ನಮ್ಮ ಹತ್ತಿರ ಒಬ್ಬ ಕುಳ್ಳ, ದಪ್ಪ ಹುಡುಗ ಇದ್ದಾನೆ, ಅವರನ್ನು ಗಿರಗಿರ ತಿರುಗಿಸಿಬಿಡುತ್ತಾನೆ.

ಆ ಕುಳ್ಳ ದಪ್ಪ ಹುಡುಗನೇ ಜಾನ್ ರಾಬರ್ಟ್‌ಸನ್. ಸ್ಕಾಟ್ಲೆಂಡಿನವರು. ಎಡಗಡೆಯ ವಿಂಗರ್.

ಫುಟ್‌ಬಾಲ್ ಜಾಸ್ತಿ ನೋಡದವರಿಗೆ ಒಂದು ಮಾತು. ವಿಂಗರ್ ಅಂದರೆ ಮೈದಾನದ ಅಂಚಿನಲ್ಲಿ ಆಡುವವರು. ಅಂಚಿನಿಂದ ಚೆಂಡು ತೆಗೆದುಕೊಂಡು ಹೋಗಿ, ಎದುರಾಳಿಯ ಗೋಲ್ ಮುಂದೆ ನಿಂತಿರುವ ತಮ್ಮವರಿಗೆ ಎತ್ತಿ ಕೊಡಬೇಕು. ಆ ಪಾಸಿಗೆ ಕ್ರಾಸ್ ಅನ್ನುತ್ತಾರೆ. ವಿಂಗರ್ ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಯಾರು? ಬಾಣದ ಹಾಗೆ ಓಡುವವರು, ಅಲ್ವಾ? ಚೆಂಡನ್ನು ಮುಂದೆ ತಳ್ಳಿ, ಡಿಫೆಂಡರ್‌ನ ಬೆನ್ನು ಹಿಂದೆ ಬಿಟ್ಟು ಓಡುವವರು.

ರಾಬರ್ಟ್‌ಸನ್ ಅವರಿಗೆ ಆ ಓಟವೇ ಇರಲಿಲ್ಲ. ಸ್ವಲ್ಪ ಕಡಿಮೆ ಇತ್ತು ಅಂತಲ್ಲ, ಇರಲೇ ಇಲ್ಲ. ಜೊತೆಗೆ ಸಿಗರೇಟಿನ ಅಭ್ಯಾಸ, ಕರಿದ ತಿಂಡಿಯ ಚಪಲ. ಬಟ್ಟೆ ಯಾವಾಗಲೂ ಮುದುರಿಕೊಂಡೇ ಇರುತ್ತಿತ್ತು. ಬೀದಿಯಲ್ಲಿ ಎದುರಿಗೆ ಬಂದಿದ್ದರೆ ಇವರು ಫುಟ್‌ಬಾಲ್ ಆಡುತ್ತಾರೆ ಅಂತ ನೀವು ಖಂಡಿತ ಅಂದುಕೊಳ್ಳುತ್ತಿರಲಿಲ್ಲ. ಹಾಗಿದ್ದೂ ಫಾರೆಸ್ಟ್ ಗೆದ್ದ ಎರಡು ಯುರೋಪಿಯನ್ ಕಪ್ ಫೈನಲ್‌ಗಳಲ್ಲಿ ಬಂದದ್ದು ಒಟ್ಟು ಎರಡೇ ಗೋಲು. ಒಂದು ಇವರು ಕೊಟ್ಟ ಕ್ರಾಸ್‌ನಿಂದ, ಇನ್ನೊಂದು ಇವರದೇ ಕಾಲಿನಿಂದ.

ಓಡಲಾಗದವರು ಇದನ್ನು ಮಾಡಿದ್ದು ಹೇಗೆ? ಇವತ್ತು ಅದನ್ನೇ ನೋಡೋಣ.

[ಪರದೆ ಮೇಲೆ: ಗ್ಲಾಸ್ಗೋ ಸುತ್ತಮುತ್ತಲಿನ ನಕ್ಷೆ, ವ್ಯೂಪಾರ್ಕ್ ಗುರುತು]

ಗ್ಲಾಸ್ಗೋ ನಗರದ ಆಗ್ನೇಯಕ್ಕೆ ಲ್ಯಾನರ್ಕ್‌ಶೈರ್ ಅನ್ನುವ ಪ್ರದೇಶ. ಕಲ್ಲಿದ್ದಲು ಗಣಿಗಳ ನಾಡು. ಅಲ್ಲಿ ಅಡ್ಡಿಂಗ್‌ಸ್ಟನ್ ಊರು, ಅದಕ್ಕೆ ಅಂಟಿಕೊಂಡ ಹಾಗೆ ವ್ಯೂಪಾರ್ಕ್. ರಾಬರ್ಟ್‌ಸನ್ ಹುಟ್ಟಿದ್ದು 1953ರ ಜನವರಿ 20ರಂದು, ಬೆಳೆದದ್ದು ಇದೇ ವ್ಯೂಪಾರ್ಕ್‌ನಲ್ಲಿ. ತಮಾಷೆ ನೋಡಿ, 1967ರಲ್ಲಿ ಸೆಲ್ಟಿಕ್ ತಂಡಕ್ಕೆ ಯುರೋಪಿಯನ್ ಕಪ್ ಗೆದ್ದುಕೊಟ್ಟ ಜಿಮ್ಮಿ ಜಾನ್‌ಸ್ಟನ್ ಕೂಡ ಇದೇ ವ್ಯೂಪಾರ್ಕ್‌ನವರು. ಅವರೂ ವಿಂಗರ್. ಒಂದು ಸಣ್ಣ ಬಡಾವಣೆ, ಯುರೋಪ್ ಗೆದ್ದ ಇಬ್ಬರು ವಿಂಗರ್‌ಗಳು. ಅಲ್ಲಿನ ನೀರಿನಲ್ಲೇ ಏನೋ ಇರಬೇಕು.

17ನೇ ವಯಸ್ಸಿನಲ್ಲಿ, 1970ರಲ್ಲಿ, ಹುಡುಗ ನಾಟಿಂಗ್‌ಹ್ಯಾಮ್‌ಗೆ ಬಂದ. ಆಗ ಆಡುತ್ತಿದ್ದದ್ದು ವಿಂಗರ್ ಆಗಿ ಅಲ್ಲ, ಮಿಡ್‌ಫೀಲ್ಡ್‌ನಲ್ಲಿ. ಐದು ವರ್ಷ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ತಂಡ ಎರಡನೇ ಡಿವಿಷನ್‌ಗೆ ಇಳಿಯಿತು. ಕ್ಲಬ್ಬು ಇವರನ್ನು ಮಾರಾಟದ ಪಟ್ಟಿಗೂ ಹಾಕಿತು. ಯಾರಾದರೂ ಕೊಂಡುಕೊಂಡು ಹೋದರೆ ಸಾಕು ಅನ್ನುವ ಸ್ಥಿತಿ.

1975ರ ಜನವರಿಯಲ್ಲಿ ಬ್ರಯನ್ ಕ್ಲಫ್ ಬಂದರು.

ಬಾಯಿ ಬಿಟ್ಟರೆ ಬೆಂಕಿ ಅನ್ನುತ್ತೇವಲ್ಲ, ಅಂಥ ಮನುಷ್ಯ. ಮೊದಲು ಕಂಡ ರಾಬರ್ಟ್‌ಸನ್ ಬಗ್ಗೆ ಅವರು ಆಮೇಲೆ ಬರೆದುಕೊಂಡಿದ್ದು ಹೀಗೆ: ಕೊಳಕು ಬಟ್ಟೆ, ಫಿಟ್‌ನೆಸ್ ಇಲ್ಲದ, ಆಸಕ್ತಿಯೇ ಇಲ್ಲದ, ಟೈಮ್ ವೇಸ್ಟ್ ಆಸಾಮಿ. ಆದರೂ ಬಿಡಬಾರದು ಅಂತ ಒಳಗಿನಿಂದ ಏನೋ ಹೇಳಿತಂತೆ.

ಮುಂದಿನ ವರ್ಷ ಕ್ಲಫ್ ಅವರ ಹಳೇ ಜೊತೆಗಾರ ಪೀಟರ್ ಟೇಲರ್ ಬಂದು ಸೇರಿಕೊಂಡರು. ಆಟಗಾರರನ್ನು ಗುರುತಿಸುವ ಕಣ್ಣು ಈ ಟೇಲರ್ ಅವರದು. ಜರ್ಮನಿಗೆ ಅಭ್ಯಾಸ ಪಂದ್ಯಗಳಿಗೆ ಹೋಗಿದ್ದಾಗ ಅವರು ರಾಬರ್ಟ್‌ಸನ್‌ಗೆ ಸರಿಯಾಗಿ ಮಂಗಳಾರತಿ ಎತ್ತಿದರು. ತಿನ್ನುವುದು, ಕುಡಿಯುವುದು, ಬದುಕುವ ರೀತಿ, ಒಂದನ್ನೂ ಬಿಡಲಿಲ್ಲ. ಪ್ರತಿಭೆ ಇದೆ, ಅದನ್ನು ಚರಂಡಿಗೆ ಸುರಿಯುತ್ತಿದ್ದೀಯ ಅನ್ನುವ ಧಾಟಿಯ ಬೈಗುಳ. ಅದು ನಾಟಿತು. ಸಿಗರೇಟು ಬಿಡಲಿಲ್ಲ, ಅದು ಬೇರೆ ಮಾತು.

ಇಬ್ಬರೂ ಸೇರಿ ಅವರನ್ನು ಮಧ್ಯದಿಂದ ಎಡ ಅಂಚಿಗೆ ಕಳಿಸಿದರು. ಯೋಚನೆ ಮಾಡಿ. ತಂಡದಲ್ಲೇ ನಿಧಾನವಾದವರನ್ನು, ಎಲ್ಲರಿಗಿಂತ ವೇಗ ಬೇಕಾದ ಜಾಗಕ್ಕೆ ಹಾಕಿದರು!

[ಪರದೆ ಮೇಲೆ: ಖಾಲಿ ಮೈದಾನದ ಚಿತ್ರ. ಎಡ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ, ಎದುರಿಗೆ ಒಂದು ನೀಲಿ ಚುಕ್ಕೆ]

ಈ ಚಿತ್ರವನ್ನು ಸ್ವಲ್ಪ ಗಮನವಿಟ್ಟು ನೋಡಿ. ಕೆಂಪು ಚುಕ್ಕೆ ರಾಬರ್ಟ್‌ಸನ್. ನೀಲಿ ಚುಕ್ಕೆ ಎದುರಾಳಿಯ ರೈಟ್ ಬ್ಯಾಕ್.

ರಾಬರ್ಟ್‌ಸನ್ ಮಾಡುತ್ತಿದ್ದ ಮೊದಲ ಕೆಲಸ, ಬಿಳಿ ಗೆರೆಗೆ ಹಿಮ್ಮಡಿ ತಾಗಿಸಿ ನಿಲ್ಲುವುದು. ಸುಮ್ನೆ ನಿಲ್ಲುವುದು. ಅಷ್ಟು ಅಂಚಿಗೆ ಹೋಗಿ ನಿಂತರೆ ರೈಟ್ ಬ್ಯಾಕ್ ಕೂಡ ತನ್ನ ಜೊತೆಗಾರರನ್ನು ಬಿಟ್ಟು ಅಲ್ಲಿಗೆ ಬರಲೇಬೇಕು. ಬಂದರೆ ಮಧ್ಯದಲ್ಲಿ ಜಾಗ ತೆರೆಯಿತು. ಬರದಿದ್ದರೆ ರಾಬರ್ಟ್‌ಸನ್ ಆರಾಮಾಗಿ ನಿಂತು ಕ್ರಾಸ್ ಹಾಕುತ್ತಾರೆ. ಎರಡೂ ನಷ್ಟವೇ.

ಆಮೇಲೆ ಚೆಂಡು ಬರುತ್ತದೆ. ಬೇರೆ ವಿಂಗರ್‌ಗಳಿಗೆ ಚೆಂಡನ್ನು ಮುಂದಿನ ಖಾಲಿ ಜಾಗಕ್ಕೆ ಹಾಕುತ್ತಾರೆ, ಅವರು ಓಡಿ ಹಿಡಿಯಲಿ ಅಂತ. ಇವರಿಗೆ ನೇರ ಪಾದಕ್ಕೇ ಕೊಡುತ್ತಿದ್ದರು. ಚೆಂಡು ಬಂದ ಮೇಲೆ ಅವರು ನಿಂತುಬಿಡುತ್ತಿದ್ದರು. ಡಿಫೆಂಡರ್‌ಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಓಡುವವರನ್ನಾದರೆ ಬೆನ್ನಟ್ಟಬಹುದು. ನಿಂತವರನ್ನು ಏನು ಮಾಡುವುದು? ಕಾಲು ಹಾಕಿದರೆ ಚೆಂಡು ಪಕ್ಕಕ್ಕೆ ಜಾರುತ್ತದೆ. ಹಾಕದೆ ಕಾಯುತ್ತಾ ನಿಂತರೆ ಅವರಿಗೆ ತಲೆ ಎತ್ತಿ ಗೋಲ್ ಮುಂದೆ ಯಾರಿದ್ದಾರೆ ಅಂತ ನೋಡುವುದಕ್ಕೆ ಸಮಯ ಸಿಗುತ್ತದೆ. ಕಬಡ್ಡಿಯಲ್ಲಿ ಅನುಭವಿ ರೈಡರ್ ಗೆರೆ ಹತ್ತಿರ ನಿಂತು ಸುಮ್ಮನೆ ಭುಜ ಅಲ್ಲಾಡಿಸುತ್ತಾ ಎದುರಿನವರ ಕಾಲು ಕದಲುವುದನ್ನೇ ಕಾಯುತ್ತಾರಲ್ಲ, ಹಾಗೆ.

ಕಾಲು ಕದಲಿತೋ, ಭುಜ ಒಂದು ಕಡೆ, ಚೆಂಡು ಇನ್ನೊಂದು ಕಡೆ. ಅರ್ಧ ಗಜ ಜಾಗ ಸಿಕ್ಕಿತು. ಅಲ್ಲಿಗೆ ಮುಗಿಯಿತು.

ಡಿಫೆಂಡರ್‌ನನ್ನು ದಾಟಿಯೇ ತೀರಬೇಕು ಅನ್ನುವ ಹಟ ಅವರಿಗೆ ಇರಲಿಲ್ಲ. ಕ್ರಾಸ್ ಹಾಕುವುದಕ್ಕೆ ದಾಟಲೇಬೇಕು ಅಂತ ಯಾರು ಹೇಳಿದ್ದು? ಚೆಂಡು ಎದುರಿನವರ ಕಾಲಿಗೆ ತಗುಲದೆ ಹೋಗುವಷ್ಟು ಸಂದು ಸಿಕ್ಕರೆ ಸಾಕು.

ಇನ್ನೊಂದು ಗುಟ್ಟು, ಎರಡು ಕಾಲು. ರಾಬರ್ಟ್‌ಸನ್ ಹುಟ್ಟಾ ಬಲಗಾಲಿನವರು, ಆಡಿದ್ದು ಎಡಗಡೆ, ಎಡಗಾಲೂ ಅಷ್ಟೇ ಪಳಗಿತ್ತು. ಸಾಮಾನ್ಯವಾಗಿ ಡಿಫೆಂಡರ್‌ಗಳು ವಿಂಗರ್‌ನನ್ನು ಅವನ ಸೊಟ್ಟ ಕಾಲಿನ, ಅಂದರೆ ಪಳಗದ ಕಾಲಿನ ಕಡೆಗೆ ತಳ್ಳುತ್ತಾರೆ. ಇವರಿಗೆ ಸೊಟ್ಟ ಕಾಲೇ ಇಲ್ಲ. ಅಂಚಿನ ಕಡೆ ಬಿಟ್ಟರೆ ಎಡಗಾಲಿನ ಕ್ರಾಸ್, ಒಳಗೆ ಬಿಟ್ಟರೆ ಬಲಗಾಲಿನ ಶಾಟ್. ಯಾವ ಬಾಗಿಲು ಮುಚ್ಚುತ್ತೀರಿ?

ಒಂದು ಚೆಂಡು, ಒಂದು ಗಜ ಹುಲ್ಲು ಕೊಟ್ಟರೆ ಅವನು ಕಲಾವಿದ, ನಮ್ಮ ಆಟದ ಪಿಕಾಸೊ ಅಂತ ಕ್ಲಫ್ ಹೇಳಿದ್ದು ಇದಕ್ಕೇ. ಹೊಗಳಿ ಸುಮ್ಮನಾದರೆ ಅವರು ಕ್ಲಫ್ ಹೇಗಾಗುತ್ತಾರೆ? ನನಗೆ ನಾನೇ ಚೆನ್ನಾಗಿ ಕಾಣುತ್ತಿಲ್ಲ ಅನ್ನಿಸಿದ ದಿನ ಅವನ ಪಕ್ಕ ಹೋಗಿ ಕೂರುತ್ತಿದ್ದೆ, ಅವನ ಮುಂದೆ ನಾನು ಎರಾಲ್ ಫ್ಲಿನ್ ಅಂತಲೂ ಸೇರಿಸಿದರು. ಎರಾಲ್ ಫ್ಲಿನ್ ಹಳೇ ಹಾಲಿವುಡ್‌ನ ಸ್ಫುರದ್ರೂಪಿ ಹೀರೋ.

[ಪರದೆ ಮೇಲೆ: 1977, 1978, 1979, 1980]

ಇಲ್ಲಿಂದ ಕಥೆ ಓಡುತ್ತದೆ. 1977ರಲ್ಲಿ ಫಾರೆಸ್ಟ್ ಮೂರನೇ ಸ್ಥಾನ ಪಡೆದು ಹೇಗೋ ಮೊದಲ ಡಿವಿಷನ್‌ಗೆ ಏರಿತು. ಏರಿದ ಮೊದಲ ವರ್ಷವೇ ಇಂಗ್ಲೆಂಡಿನ ಚಾಂಪಿಯನ್. ಅದೇ 1978ರಲ್ಲಿ ಲೀಗ್ ಕಪ್ ಫೈನಲ್, ಎದುರಿಗೆ ಲಿವರ್‌ಪೂಲ್. ಮೊದಲ ಪಂದ್ಯ ಡ್ರಾ. ಮರುಪಂದ್ಯದಲ್ಲಿ ಬಂದದ್ದು ಒಂದೇ ಗೋಲು, ರಾಬರ್ಟ್‌ಸನ್ ಅವರ ಪೆನಾಲ್ಟಿ. ಗೋಲ್ ಮುಂದಿನ ಬಾಕ್ಸ್ ಒಳಗೆ ಫೌಲ್ ಆದರೆ ಮಾತ್ರ ಪೆನಾಲ್ಟಿ. ಆ ಫೌಲ್ ಆದದ್ದು ಬಾಕ್ಸ್‌ನ ಹೊರಗೆ ಅಂತ ಲಿವರ್‌ಪೂಲ್‌ನವರ ತಕರಾರು. ರಿಪ್ಲೇ ನೋಡಿದರೆ ನನಗೂ ಅವರ ಮಾತೇ ಸರಿ ಅನ್ನಿಸುತ್ತದೆ. ಆದರೆ ರೆಫರಿ ಶಿಳ್ಳೆ ಹೊಡೆದಾಗಿತ್ತು.

ಫಿಟ್‌ನೆಸ್ ಇಲ್ಲ ಅಂತ ಬೈಸಿಕೊಂಡಿದ್ದ ಇದೇ ಮನುಷ್ಯ 1976ರ ಡಿಸೆಂಬರ್‌ನಿಂದ 1980ರ ಡಿಸೆಂಬರ್‌ವರೆಗೆ ಒಂದೂ ಬಿಡದೆ ಸತತ 243 ಪಂದ್ಯ ಆಡಿದರು. ನಾಲ್ಕು ವರ್ಷ! ಆಗಿನ ಇಂಗ್ಲಿಷ್ ಮೈದಾನಗಳು ಚಳಿಗಾಲದಲ್ಲಿ ಕೆಸರುಗದ್ದೆಗಳು. ಡಿಫೆಂಡರ್‌ಗಳಿಗೆ ಹಿಂದಿನಿಂದ ಒದೆಯುವುದಕ್ಕೆ ಹೆಚ್ಚುಕಮ್ಮಿ ಲೈಸೆನ್ಸ್ ಇದ್ದ ಕಾಲ.

1979ರ ಏಪ್ರಿಲ್. ಯುರೋಪಿಯನ್ ಕಪ್ ಸೆಮಿಫೈನಲ್, ಜರ್ಮನಿಯ ಕಲೋನ್ ವಿರುದ್ಧ, ನಾಟಿಂಗ್‌ಹ್ಯಾಮ್‌ನಲ್ಲೇ. ಅದಕ್ಕೆ ಕೆಲವೇ ದಿನ ಮುಂಚೆ ರಾಬರ್ಟ್‌ಸನ್ ಅವರ ಅಣ್ಣ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು. ರಾಬರ್ಟ್‌ಸನ್ ಆಡಿದರು. ಆಡಿದ್ದಷ್ಟೇ ಅಲ್ಲ, ಗೋಲೂ ಹೊಡೆದರು. ಅದೂ ಹೇಗೆ? ಕೆಸರಿನಲ್ಲಿ ಮುಂದಕ್ಕೆ ಹಾರಿ, ತಲೆಯಿಂದ. ಚೆಂಡನ್ನು ಸದಾ ಕಾಲಲ್ಲೇ ಮುದ್ದಿಸುತ್ತಿದ್ದವರು ಅವತ್ತು ನೆಲಕ್ಕೆ ಬಿದ್ದು ಹೆಡ್ ಮಾಡಿದರು. ಪಂದ್ಯ 3-3. ಸೆಮಿಫೈನಲ್ ಅಂದರೆ ಎರಡು ಪಂದ್ಯ, ಒಂದು ಇಲ್ಲಿ, ಒಂದು ಅಲ್ಲಿ. ಎರಡನೆಯದಕ್ಕೆ ಕಲೋನ್‌ಗೆ ಹೋಗಿ ಫಾರೆಸ್ಟ್ 1-0ರಿಂದ ಗೆದ್ದಿತು.

ಮೇ 30, ಮ್ಯೂನಿಕ್. ಫೈನಲ್‌ನಲ್ಲಿ ಎದುರಾಳಿ ಸ್ವೀಡನ್ನಿನ ಮಾಲ್ಮೋ. ಇಲ್ಲಿ ನಮಗೆ ಪರಿಚಯದ ಒಂದು ಹೆಸರಿದೆ. ಮಾಲ್ಮೋ ಕೋಚ್ ಯಾರು ಗೊತ್ತಾ? ಬಾಬ್ ಹೌಟನ್. ಹೌದು, ಮುಂದೆ 2006ರಲ್ಲಿ ಭಾರತ ತಂಡದ ಕೋಚ್ ಆಗಿ ಬಂದು, ಎರಡು ಸಲ ನೆಹರೂ ಕಪ್ ಗೆಲ್ಲಿಸಿ, 2011ರ ಏಷ್ಯನ್ ಕಪ್‌ಗೆ ನಮ್ಮವರನ್ನು ಕರೆದುಕೊಂಡು ಹೋದ ಅದೇ ಹೌಟನ್. ಡಿಫೆನ್ಸ್ ಕಟ್ಟುವುದರಲ್ಲಿ ಗಟ್ಟಿಗರು. ಅವತ್ತೂ ಗೋಡೆ ಕಟ್ಟಿ ನಿಲ್ಲಿಸಿದ್ದರು. ಪಂದ್ಯ ನೋಡುವುದಕ್ಕೆ ಬೋರೋ ಬೋರು, ಸುಳ್ಳು ಯಾಕೆ ಹೇಳಲಿ.

[ಪರದೆ ಮೇಲೆ: ಎಡ ಅಂಚು, ಎರಡು ನೀಲಿ ಚುಕ್ಕೆ, ಒಂದು ಕೆಂಪು ಚುಕ್ಕೆ]

ಮೊದಲರ್ಧ ಇನ್ನೇನು ಮುಗಿಯಿತು. ಎಡಗಡೆ ರಾಬರ್ಟ್‌ಸನ್ ಪಾದಕ್ಕೆ ಚೆಂಡು. ಎದುರಿಗೆ ಒಬ್ಬರಲ್ಲ, ಇಬ್ಬರು. ಇಬ್ಬರ ನಡುವೆ, ಗೆರೆಯ ಪಕ್ಕದಲ್ಲಿ ಒಂದು ಸಂದು. ಅದರಲ್ಲಿ ನುಸುಳಿ, ಗೋಲ್ ಗೆರೆಯ ಹತ್ತಿರ ಹೋಗಿ, ಎಡಗಾಲಿನಿಂದ ಚೆಂಡನ್ನು ಎತ್ತಿದರು. ಅದು ಗೋಲ್‌ಕೀಪರ್ ತಲೆ ಮೇಲಿಂದ ಹೋಗಿ ಆಚೆ ಕಂಬದ ಹತ್ತಿರ ಇಳಿಯಿತು. ಅಲ್ಲಿಗೆ ಓಡಿ ಬಂದವರು ಟ್ರೆವರ್ ಫ್ರಾನ್ಸಿಸ್, ಇಂಗ್ಲಿಷ್ ಕ್ಲಬ್ಬುಗಳ ನಡುವೆ ಹತ್ತು ಲಕ್ಷ ಪೌಂಡಿಗೆ ಮಾರಾಟವಾದ ಮೊದಲ ಆಟಗಾರ. ಯುರೋಪಿಯನ್ ಕಪ್‌ನಲ್ಲಿ ಅವರಿಗೆ ಅದೇ ಮೊದಲ ಪಂದ್ಯ. ತಲೆ ಕೊಟ್ಟರು, 1-0. ಮರುದಿನ ಫೋಟೋಗಳಲ್ಲೆಲ್ಲ ಫ್ರಾನ್ಸಿಸ್ ಇದ್ದರು. ನೀವು ಆ ಗೋಲನ್ನು ನೋಡುವಾಗ ಫ್ರಾನ್ಸಿಸ್ ಅವರನ್ನು ಬಿಡಿ, ಎಡಗಡೆಯ ಆ ಸಂದನ್ನು ನೋಡಿ.

ಮುಂದಿನ ವರ್ಷ ಮ್ಯಾಡ್ರಿಡ್. ಶುರುವಿನಲ್ಲಿ ಹೇಳಿದ್ದೆನಲ್ಲ, ಕಾಲ್ಟ್ಸ್ ಎದುರಿಗೆ ಕುಳ್ಳ ದಪ್ಪ ಹುಡುಗ. ಫ್ರಾನ್ಸಿಸ್ ಗಾಯಗೊಂಡು ಆಟದಲ್ಲೇ ಇರಲಿಲ್ಲ. ಇಪ್ಪತ್ತು ನಿಮಿಷ ಆಗಿತ್ತು. ಈ ಸಲ ರಾಬರ್ಟ್‌ಸನ್ ಅಂಚು ಬಿಟ್ಟು ಒಳಗೆ ತಿರುಗಿದರು, ಬಲಗಾಲಿನ ಕಡೆಗೆ. ಗ್ಯಾರಿ ಬರ್ಟಲ್ಸ್‌ಗೆ ಚೆಂಡು ಕೊಟ್ಟರು, ಬರ್ಟಲ್ಸ್ ಬೀಳುತ್ತಾ ಬೀಳುತ್ತಾ ವಾಪಸ್ ಕೊಟ್ಟರು. ಬಾಕ್ಸ್ ಅಂಚಿನಿಂದ ಬಲಗಾಲಿನ ಶಾಟ್. ಜೋರಾಗಿ ಏನೂ ಅಲ್ಲ. ನೆಲ ಸವರಿಕೊಂಡು ಹೋಗಿ, ಕಂಬಕ್ಕೆ ತಾಗಿ ಒಳಗೆ. ಉಳಿದ ಎಪ್ಪತ್ತು ನಿಮಿಷ ಫಾರೆಸ್ಟ್ ತನ್ನದೇ ಗೋಲ್ ಮುಂದೆ ಬೀಡುಬಿಟ್ಟಿತು. ಗೋಲ್‌ಕೀಪರ್ ಪೀಟರ್ ಶಿಲ್ಟನ್ ಏನೂ ಒಳಗೆ ಬಿಡಲಿಲ್ಲ. ಮತ್ತೆ 1-0.

ಇಂಗ್ಲಿಷ್ ಲೀಗ್ ಒಂದೇ ಸಲ ಗೆದ್ದು, ಯುರೋಪಿಯನ್ ಕಪ್ ಎರಡು ಸಲ ಗೆದ್ದ ಕ್ಲಬ್ಬು ಫಾರೆಸ್ಟ್. ವಿಚಿತ್ರ, ಆದರೆ ನಿಜ.

ಸ್ಕಾಟ್ಲೆಂಡ್ ಪರ 28 ಪಂದ್ಯ, 8 ಗೋಲು. ಅದರಲ್ಲಿ ಸ್ಕಾಟಿಷ್ ಜನ ಮರೆಯದ್ದು 1981ರ ಮೇ ತಿಂಗಳದ್ದು: ವೆಂಬ್ಲಿಯಲ್ಲಿ, ಇಂಗ್ಲೆಂಡ್ ವಿರುದ್ಧ, ಪೆನಾಲ್ಟಿ, 1-0. ಮರುವರ್ಷದ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧವೂ ಒಂದು ಗೋಲು ಹೊಡೆದರು.

[ಪರದೆ ಮೇಲೆ: ನಾಟಿಂಗ್‌ಹ್ಯಾಮ್ ಮತ್ತು ಡಾರ್ಬಿ, ನಡುವೆ ಒಂದು ಗೆರೆ]

ಈಗ ಬೇಜಾರಿನ ಭಾಗ. 1982ರಲ್ಲಿ ಪೀಟರ್ ಟೇಲರ್ ಫಾರೆಸ್ಟ್ ಬಿಟ್ಟರು. ಕೆಲವು ತಿಂಗಳಲ್ಲೇ ಪಕ್ಕದೂರಿನ ಡಾರ್ಬಿ ಕೌಂಟಿಯ ಮ್ಯಾನೇಜರ್ ಆದರು. 1983ರಲ್ಲಿ ರಾಬರ್ಟ್‌ಸನ್ ಅವರ ಒಪ್ಪಂದ ಮುಗಿದಾಗ ಅವರನ್ನು ಡಾರ್ಬಿಗೆ ಕರೆಸಿಕೊಂಡರು. ಕ್ಲಫ್ ಆಗ ದತ್ತಿಗೆ ಹಣ ಕೂಡಿಸುವ ಪಾದಯಾತ್ರೆಯಲ್ಲಿದ್ದರು. ಹಳೇ ಗೆಳೆಯ ಒಂದು ಮಾತೂ ಹೇಳದೆ ತನ್ನ ಆಟಗಾರನನ್ನು ಎತ್ತಿಕೊಂಡು ಹೋದ ಅನ್ನುವ ಸಿಟ್ಟು ಅವರಿಗೆ ಇಳಿಯಲೇ ಇಲ್ಲ. ಹೆಚ್ಚುಕಮ್ಮಿ ಮೂರು ದಶಕದ ಸ್ನೇಹ. ಆಮೇಲೆ ಇಬ್ಬರೂ ಮಾತಾಡಲಿಲ್ಲ. 1990ರಲ್ಲಿ ಟೇಲರ್ ತೀರಿಕೊಂಡರು.

ರಾಬರ್ಟ್‌ಸನ್ ಅವರಿಗೂ ಡಾರ್ಬಿ ಕೂಡಿಬರಲಿಲ್ಲ. ಗಾಯ ಕಾಡಿತು, ತಂಡ ಮೂರನೇ ಡಿವಿಷನ್‌ಗೆ ಇಳಿಯಿತು. 1985ರಲ್ಲಿ ವಾಪಸ್ ಫಾರೆಸ್ಟ್‌ಗೆ ಬಂದರು. ಆದರೆ ಹಳೇ ರಾಬರ್ಟ್‌ಸನ್ ಬರಲಿಲ್ಲ. ಆಮೇಲೆ ಒಂದೆರಡು ಸಣ್ಣ ಊರಿನ ಕ್ಲಬ್ಬುಗಳು, ಆಟ ಮುಗಿಯಿತು.

ಫಾರೆಸ್ಟ್‌ನ ಆ ದಿನಗಳಲ್ಲಿ ಬಲಗಡೆ ಆಡುತ್ತಿದ್ದವರು ಉತ್ತರ ಐರ್ಲೆಂಡಿನ ಮಾರ್ಟಿನ್ ಓನೀಲ್. ಅವರದ್ದು ಒಂದೇ ದೂರು: ಚೆಂಡು ಯಾವಾಗಲೂ ಎಡಗಡೆಗೇ ಹೋಗುತ್ತದೆ, ನನ್ನ ಕಡೆ ಬರುವುದೇ ಇಲ್ಲ. ಮುಂದೆ ಓನೀಲ್ ಮ್ಯಾನೇಜರ್ ಆದರು. ಲೆಸ್ಟರ್, ಸೆಲ್ಟಿಕ್, ಆ್ಯಸ್ಟನ್ ವಿಲ್ಲಾ, ಈ ಮೂರೂ ಕಡೆಗೆ ಸಹಾಯಕರಾಗಿ ತಮ್ಮ ಜೊತೆಗೆ ಕರೆದುಕೊಂಡು ಹೋದದ್ದು ಇದೇ ರಾಬರ್ಟ್‌ಸನ್ ಅವರನ್ನು. 2001ರಲ್ಲಿ ಸೆಲ್ಟಿಕ್ ಸ್ಕಾಟ್ಲೆಂಡಿನ ಮೂರೂ ಟ್ರೋಫಿ ಗೆದ್ದಾಗ ಇಬ್ಬರೂ ಒಂದೇ ಬೆಂಚಿನಲ್ಲಿದ್ದರು. ವ್ಯೂಪಾರ್ಕ್ ಅಲ್ಲಿಂದ ಕಾರಿನಲ್ಲಿ ಹೊರಟರೆ ಕೆಲವೇ ನಿಮಿಷದ ದಾರಿ.