ಉದ್ಯೋಗದ ಕಾಲಂ ಖಾಲಿ: ಐರ್ಲೆಂಡಿನ ಹಳ್ಳಿಮನೆಯೊಂದರ ಲೆಕ್ಕ

ಎಲ್ಲರಿಗೂ ನಮಸ್ಕಾರ. ತಮ್ಮೂರಿನ ಚರಿತ್ರೆ ಬರೆಯಲು ಹೊರಟವರ ಶಿಬಿರದಲ್ಲಿ ಐರ್ಲೆಂಡಿನ ಮಾತು ಯಾಕೆ ಎಂದು ಕೆಲವರಿಗಾದರೂ ಅನ್ನಿಸಿರುತ್ತದೆ. ಕಾರಣ ಇಷ್ಟೆ. 1901 ಮತ್ತು 1911ರ ಜನಗಣತಿಯಲ್ಲಿ ಅಲ್ಲಿಯ ಮನೆಮನೆಯಿಂದ ತುಂಬಿಸಿಕೊಂಡ ಹಾಳೆಗಳು ಉಳಿದಿವೆ. ಡಬ್ಲಿನ್ನಿನ ರಾಷ್ಟ್ರೀಯ ಪತ್ರಾಗಾರ ಅವನ್ನೆಲ್ಲ ಅಂತರ್ಜಾಲದಲ್ಲಿ ಪುಕ್ಕಟೆ ನೋಡಲು ಇಟ್ಟಿದೆ. ಎಣಿಕೆಯ ಮೊತ್ತ ಮಾತ್ರ ಅಲ್ಲ, ಆ ಮನೆಯ ಯಜಮಾನ ಸ್ವಂತ ಕೈಯಿಂದ ತುಂಬಿದ ಹಾಳೆಯೇ ಕಣ್ಣೆದುರು ಬರುತ್ತದೆ.

ಆಲೂಗಡ್ಡೆ ಬೆಳೆ ಕೊಳೆತು 1845ರಿಂದ ಬಂದ ಮಹಾಕ್ಷಾಮ, ಜಮೀನ್ದಾರರು, ಅಮೆರಿಕದ ಹಡಗು, ಇವೆಲ್ಲ ನೀವು ಓದಿಕೊಂಡೇ ಬಂದಿದ್ದೀರಿ, ಅದಕ್ಕೆ ಹೋಗುವುದಿಲ್ಲ. ನನ್ನ ತಕರಾರು ಒಂದೇ. ಆ ಹಾಳೆಯಲ್ಲಿ ಮನೆಯೊಡತಿಯ ಹೆಸರಿನ ಸಾಲನ್ನು ಎಡದಿಂದ ಬಲಕ್ಕೆ ಓದುತ್ತ ಹೋಗಿ. ಹೆಸರು, ಯಜಮಾನನಿಗೆ ಏನಾಗಬೇಕು, ಧರ್ಮ, ಓದು ಬರಹ ಬರುತ್ತದೆಯೋ, ವಯಸ್ಸು, ಉದ್ಯೋಗ. ಉದ್ಯೋಗದ ಹತ್ತಿರ ಬಂದರೆ ಬಹುಪಾಲು ಖಾಲಿ, ಇಲ್ಲವೇ ಒಂದು ಗೆರೆ. ಗಂಡ ರೈತ, ಮಗ ‘ರೈತನ ಮಗ’, ಆಕೆ ಏನೂ ಅಲ್ಲ. ಆ ಖಾಲಿ ಜಾಗವನ್ನು ಅದೇ ಕಟ್ಟಿನ ಬೇರೆ ಹಾಳೆಗಳಿಂದ ತುಂಬಿಸಬಹುದು ಎಂಬುದೇ ಇವತ್ತಿನ ಮಾತು.

ಮೊದಲು ಜಾಗ. ಟೌನ್‌ಲ್ಯಾಂಡ್ ಎಂದರೆ ಹೆಸರುಳ್ಳ ಅತಿ ಚಿಕ್ಕ ನೆಲದ ಘಟಕ. ದೇಶದಲ್ಲಿ ಅಂಥವು 60,000ಕ್ಕೂ ಹೆಚ್ಚು. ಸರಾಸರಿ ಮುನ್ನೂರು ಚಿಲ್ಲರೆ ಎಕರೆ. ಕೆಲವು ಕಡೆ ಐದೇ ಮನೆ, ಕೆಲವು ಕಡೆ ಐವತ್ತು, ಕೆಲವು ಕಡೆ ಒಂದೂ ಇಲ್ಲ. ಗಣತಿಗೆ ಬರುತ್ತಿದ್ದವನು ಪೊಲೀಸ್ ಕಾನ್‌ಸ್ಟೇಬಲ್. ಎ ನಮೂನೆ ಮನೆಯವರದು. ಬರೆಯಲು ಬಾರದಿದ್ದರೆ ಅವನೇ ಬರೆದುಕೊಳ್ಳುತ್ತಿದ್ದ. ಬಿ1 ಮನೆಯ ಕಟ್ಟಡದ್ದು, ಬಿ2 ಹೊರಗಿನ ಕೊಟ್ಟಿಗೆ ಕೋಣೆಗಳದ್ದು. ಈ ಎರಡನ್ನೂ ಕಾನ್‌ಸ್ಟೇಬಲ್ಲೇ ತುಂಬಬೇಕು.

ಬಿ1ರ ಲೆಕ್ಕ ಸ್ವಾರಸ್ಯವಾಗಿದೆ. ಗೋಡೆ ಕಲ್ಲು, ಇಟ್ಟಿಗೆ, ಕಾಂಕ್ರೀಟು ಆದರೆ 1 ಅಂಕ, ಮಣ್ಣು ಮರವಾದರೆ ಸೊನ್ನೆ. ಮಾಡು ಸ್ಲೇಟ್, ತಗಡು, ಹೆಂಚು ಆದರೆ 1, ಹುಲ್ಲಾದರೆ ಸೊನ್ನೆ. ಒಂದೇ ಕೋಣೆಗೆ 1 ಅಂಕ, ಎರಡರಿಂದ ನಾಲ್ಕು ಕೋಣೆಗೆ 2. ಮುಂಭಾಗದಲ್ಲಿ ಎಷ್ಟು ಕಿಟಕಿಯೋ ಅಷ್ಟು ಅಂಕ. ಕೂಡಿಸಿ. ಒಟ್ಟು 1 ಅಥವಾ 2 ಬಂದರೆ ನಾಲ್ಕನೇ ದರ್ಜೆ, 3ರಿಂದ 5 ಮೂರನೇ ದರ್ಜೆ, 6ರಿಂದ 11 ಎರಡನೇ ದರ್ಜೆ, ಅದಕ್ಕೂ ಮೇಲೆ ಒಂದನೇ ದರ್ಜೆ. ಕಲ್ಲುಗೋಡೆ, ಹುಲ್ಲುಮಾಡು, ಮೂರು ಕೋಣೆ, ಮೂರು ಕಿಟಕಿ: ಒಂದು, ಸೊನ್ನೆ, ಎರಡು, ಮೂರು, ಒಟ್ಟು ಆರು. ಎರಡನೇ ದರ್ಜೆ! ಅದೇ ಮನೆಯ ಒಂದು ಕಿಟಕಿ ಮುಚ್ಚಿದರೆ ಮೂರನೇ ದರ್ಜೆ. ಒಂದು ಕಿಟಕಿಯೂ ನಾಲ್ಕು ಕಲ್ಲುಗೋಡೆಯೂ ಸರಿಸಮ. ಸರ್ಕಾರದ ಲೆಕ್ಕ, ಬಿಡಿ. ಆದರೆ 1841ರ ಗಣತಿಯಲ್ಲಿ ಹಳ್ಳಿಗಾಡಿನ ಅರ್ಧದಷ್ಟು ಸಂಸಾರಗಳು ನಾಲ್ಕನೇ ದರ್ಜೆಯ ಒಂದೇ ಕೋಣೆಯ ಮಣ್ಣಿನ ಗುಡಿಸಲಲ್ಲಿದ್ದವು, 1911ಕ್ಕೆ ಆ ದರ್ಜೆ ಹೆಚ್ಚುಕಡಿಮೆ ಅಳಿದೇ ಹೋಗಿತ್ತು. ಎಲ್ಲರೂ ಮೇಲೆ ಬಂದರು ಎಂದುಕೊಳ್ಳಬೇಡಿ. ಆ ಗುಡಿಸಲಲ್ಲಿದ್ದವರಲ್ಲಿ ಬಹಳ ಜನ ಕ್ಷಾಮದಲ್ಲಿ ಸತ್ತರು, ಇಲ್ಲವೇ ಹಡಗು ಹತ್ತಿದರು.

ಈಗ ವಯಸ್ಸಿನ ಕಾಲಂ. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ, ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. 1901ರಲ್ಲಿ 54 ಎಂದು ಬರೆಸಿದ ಹೆಂಗಸು 1911ರಲ್ಲಿ 71 ಆಗಿರುತ್ತಾಳೆ. ಹತ್ತು ವರ್ಷದಲ್ಲಿ ಹದಿನೇಳು ವರ್ಷ ಮುದುಕಿ. ಇಂಥವು ಒಂದೆರಡಲ್ಲ, ಟೌನ್‌ಲ್ಯಾಂಡಿಗೆ ಟೌನ್‌ಲ್ಯಾಂಡೇ ಹೀಗೆ ಧಿಡೀರನೆ ಮುಪ್ಪಾದದ್ದಿದೆ. ನಡುವೆ ಏನಾಯಿತು? 1908ರ ವೃದ್ಧಾಪ್ಯ ಪಿಂಚಣಿ ಕಾನೂನು. 70 ತುಂಬಿದವರಿಗೆ, ಆದಾಯ ಕಡಿಮೆಯಿದ್ದರೆ, ವಾರಕ್ಕೆ 5 ಶಿಲಿಂಗ್. 1909ರ ಜನವರಿ 1ರಿಂದ ಅಂಚೆ ಕಚೇರಿಯಲ್ಲಿ ಕೈಗೆ ಹಣ. ಆದರೆ ಎಪ್ಪತ್ತಾಯಿತು ಎನ್ನಲು ಪುರಾವೆ ಎಲ್ಲಿಂದ ತರುವುದು? ಎಲ್ಲರ ಜನನ ನೋಂದಣಿ ಅಲ್ಲಿ ಶುರುವಾದದ್ದೇ 1864ರಲ್ಲಿ.

ಆಗ ನೆರವಿಗೆ ಬಂದದ್ದು ಗಾಳಿ. 1839ರ ಜನವರಿ 6ರ ರಾತ್ರಿ ದೇಶಕ್ಕೆ ದೇಶವೇ ನಡುಗುವಂಥ ಬಿರುಗಾಳಿ ಎದ್ದಿತ್ತು. ಹುಲ್ಲುಮಾಡುಗಳು ಹಾರಿಹೋದವು, ಒಲೆಯ ಕೆಂಡ ಚದುರಿ ಎಷ್ಟೋ ಮನೆ ಸುಟ್ಟವು. ಎಣಿಸಿ ನೋಡಿ, ಆ ರಾತ್ರಿ ನೆನಪಿದೆ ಎನ್ನುವವರಿಗೆ 1909ರ ಜನವರಿಗೆ ಎಪ್ಪತ್ತು ದಾಟಿರಲೇಬೇಕು. ಪಂಚಾಂಗದವರು ಕೂತು ಮುಹೂರ್ತ ಇಟ್ಟಿದ್ದರೂ ಇಷ್ಟು ಸರಿಯಾಗಿ ಕೂಡಿ ಬರುತ್ತಿರಲಿಲ್ಲ. ಪಿಂಚಣಿ ಸಮಿತಿಯ ಮುಂದೆ ನಿಂತವರು ಹೇಳುತ್ತಿದ್ದ ಮಾತೊಂದು ಪ್ರಸಿದ್ಧವಾಯಿತು: ‘ದೊಡ್ಡ ಗಾಳಿಯ ರಾತ್ರಿ ನಾನು ಕೈಯಲ್ಲಿ ಆಲೂಗಡ್ಡೆ ಹಿಡಿದು ತಿನ್ನುವಷ್ಟು ದೊಡ್ಡವನಿದ್ದೆ.’ ಅಧಿಕಾರಿಗಳು ಇಷ್ಟು ಆಲೂಗಡ್ಡೆಯನ್ನು ಒಂದೇ ರಾತ್ರಿಗೆ ಎಂದೂ ಕೇಳಿರಲಿಲ್ಲ.

ಕಾಗದವೇ ಬೇಕೆಂದವರಿಗೆ ಇನ್ನೊಂದು ದಾರಿಯಿತ್ತು. ತಂದೆ ತಾಯಿಯ ಹೆಸರು, ಟೌನ್‌ಲ್ಯಾಂಡಿನ ಹೆಸರು ಬರೆದು ಅರ್ಜಿ ಹಾಕಿದರೆ ಡಬ್ಲಿನ್ನಿನಲ್ಲಿ ಗುಮಾಸ್ತರು 1841 ಮತ್ತು 1851ರ ಗಣತಿಯ ಪುಸ್ತಕ ತೆಗೆದು ಆ ಮನೆಯಲ್ಲಿ ಇಂಥ ಮಗು ಇತ್ತೋ ಎಂದು ನೋಡಿ ಬರೆದು ಕೊಡುತ್ತಿದ್ದರು. 1922ರ ಜೂನ್ 30ರಂದು, ಅಂತರ್ಯುದ್ಧದಲ್ಲಿ, ದಾಖಲೆ ಕಚೇರಿಯೇ ಹೊತ್ತಿ ಉರಿಯಿತು. ಆ ಗಣತಿ ಪುಸ್ತಕಗಳು ಬಹುತೇಕ ಬೂದಿಯಾದವು. ಉಳಿದದ್ದು ಪಿಂಚಣಿಯ ಆ ಅರ್ಜಿ ಚೀಟಿಗಳು. ಎಷ್ಟೋ ಸಂಸಾರಗಳು ಕ್ಷಾಮಕ್ಕೆ ಮೊದಲು ಎಲ್ಲಿ ಹೇಗಿದ್ದವು ಎನ್ನುವುದಕ್ಕೆ ವಾರಕ್ಕೆ ಐದು ಶಿಲಿಂಗಿನ ಆಸೆಯೇ ಇವತ್ತಿನ ಏಕಮಾತ್ರ ದಾಖಲೆ.

ಇದನ್ನು ನಗೆಚಾಟಿಕೆಗೆ ಹೇಳಲಿಲ್ಲ. ಉದ್ಯೋಗದ ಕಾಲಂ ಖಾಲಿ ಇದ್ದ ಹೆಂಗಸಿನ ಹೆಸರಿನಲ್ಲೇ ಸರ್ಕಾರದ ಹಣ ಬಂದದ್ದು ಬಹುಮಟ್ಟಿಗೆ ಅದೇ ಮೊದಲು.

ಹಾಗಾದರೆ ಅದಕ್ಕೂ ಮೊದಲು ಆಕೆಗೆ ಗಳಿಕೆ ಇರಲಿಲ್ಲವೇ? ಈಗ ಬಿ2 ತೆಗೆಯಿರಿ. ಹಸುವಿನ ಕೊಟ್ಟಿಗೆ, ಕರುವಿನ ಕೊಟ್ಟಿಗೆ, ಹಾಲುಕೋಣೆ, ಹಂದಿಗೂಡು, ಕೋಳಿಗೂಡು, ಹಂದಿಯ ಮೇವು ಬೇಯಿಸುವ ಮನೆ, ಟರ್ಫ್ (ಒಲೆಗೆ ಉರಿಸುವ ಒಣಗಿದ ಜೌಗು ಮಣ್ಣು) ಕೂಡಿಡುವ ಮನೆ, ಆಲೂಗಡ್ಡೆ ಮನೆ, ಕಣಜ. ಪ್ರತಿಯೊಂದರ ಸಂಖ್ಯೆ. ಒಂದೊಂದರ ಮುಂದೆಯೂ ‘ಇಲ್ಲಿ ದಿನಾ ಯಾರು ಹೋಗುತ್ತಿದ್ದರು’ ಎಂದು ಕೇಳಿಕೊಳ್ಳಿ.

ಹಾಲುಕೋಣೆ 1 ಎಂದಿದ್ದರೆ ಅದರ ಅರ್ಥ ಬೆಣ್ಣೆ. ನಮ್ಮಲ್ಲಿ ಮೊಸರಿಗೆ ಕಡೆಗೋಲು ಹಾಕಿ ಹಗ್ಗ ಎಳೆಯುತ್ತೇವೆ. ಅಲ್ಲಿ ಹೆಚ್ಚಾಗಿ ಕೆನೆಯನ್ನಷ್ಟೇ ಹುಳಿಯಾಗಿಸಿ, ಎತ್ತರದ ಮರದ ಪೀಪಾಯಿಯಲ್ಲಿ ಕೋಲನ್ನು ಮೇಲೆ ಕೆಳಗೆ ಕುಟ್ಟುತ್ತಿದ್ದರು. ಕರೆದ ಹಾಲನ್ನು ಸೋಸಿ ಅಗಲಬಾಯಿಯ, ಆಳವಿಲ್ಲದ ಪಾತ್ರೆಗಳಲ್ಲಿ ಒಂದರಿಂದ ಒಂದೂವರೆ ದಿನ ಅಲುಗಿಸದೆ ಇಡಬೇಕು. ಕೆನೆ ತೆಗೆದು ಮಣ್ಣಿನ ಭರಣಿಗೆ. ವಾರದಲ್ಲಿ ಒಂದೆರಡು ಸಲ ಕಡೆಯುವುದು. ಕೆನೆಯ ಬಿಸಿ ಸುಮಾರು 13ರಿಂದ 16 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಬೆಣ್ಣೆ ಬರುತ್ತದೆ. ತಣ್ಣಗಿದ್ದರೆ ಎಷ್ಟು ಕುಟ್ಟಿದರೂ ನೊರೆಯೇ ಹೊರತು ಬೆಣ್ಣೆಯಿಲ್ಲ. ಅವಸರಕ್ಕೆ ಬಿಸಿನೀರು ಹೆಚ್ಚು ಸುರಿದರೆ ಬೇಗ ಬರುತ್ತದೆ, ಆದರೆ ಬಿಳಚಿಕೊಂಡು ಮೇಣದ ಹಾಗೆ ಅಂಟುತ್ತದೆ. ಥರ್ಮಾಮೀಟರ್ ಇಲ್ಲದ ಮನೆಯಲ್ಲಿ ಇದೆಲ್ಲ ಬೆರಳಿನ ಅಂದಾಜು. ಕೋಲು ಮೊದಲು ಭಾರವಾಗುತ್ತದೆ, ಆಮೇಲೆ ಸದ್ದು ಬದಲಾಗಿ ನೀರು ಚಿಮ್ಮಿದಂತೆ ಕೇಳಿಸುತ್ತದೆ. ಗೋಧಿ ಕಾಳಿನಷ್ಟು ಬೆಣ್ಣೆ ಕಟ್ಟಿದಾಗ ನಿಲ್ಲಿಸಬೇಕು. ಇನ್ನೂ ಕುಟ್ಟಿದರೆ ಮುದ್ದೆಯಾಗಿ ಮಜ್ಜಿಗೆ ಒಳಗೇ ಸಿಕ್ಕಿಕೊಳ್ಳುತ್ತದೆ. ನೀರು ತಿಳಿಯಾಗುವ ತನಕ ತೊಳೆದು, ಪೌಂಡಿಗೆ ಅರ್ಧದಿಂದ ಒಂದು ಔನ್ಸ್ ಉಪ್ಪು ಹಾಕಿ, ಮರದ ಹಲಗೆಗಳಿಂದ ಒತ್ತಬೇಕು. ಮಜ್ಜಿಗೆ ಉಳಿದರೆ ಬೆಣ್ಣೆ ಮುಗ್ಗುತ್ತದೆ.

ಕಡೆಯುವಾಗ ಮನೆಗೆ ಯಾರೇ ಬರಲಿ, ಕೋಲಿಗೆ ಒಂದು ಕೈ ಹಾಕಿಯೇ ಹೋಗಬೇಕು, ಇಲ್ಲದಿದ್ದರೆ ಬೆಣ್ಣೆಯ ಭಾಗ್ಯ ಅವರ ಹಿಂದೆ ಹೋಗುತ್ತದೆ ಎಂಬ ನಂಬಿಕೆ. ನಗಬೇಡಿ. ರಟ್ಟೆ ಸೋಲುವ ಹೊತ್ತಿಗೆ ಸಂಬಳವಿಲ್ಲದ ಆಳು ಸಿಕ್ಕಿದ ಹಾಗಾಯಿತು.

ಲೆಕ್ಕ ಹಾಕೋಣ. ಒಂದು ಪೌಂಡ್ ಬೆಣ್ಣೆಗೆ ಸುಮಾರು ಎರಡೂವರೆ ಗ್ಯಾಲನ್ ಹಾಲು. ಮಾರುಕಟ್ಟೆಯ ಫರ್ಕಿನ್ ಪೀಪಾಯಿಗೆ 56 ಪೌಂಡ್, ಅಂದರೆ 140 ಗ್ಯಾಲನ್. ಮೂರು ಹಸು, ಬೇಸಿಗೆಯಲ್ಲಿ ತಲಾ ಎರಡು ಗ್ಯಾಲನ್ ಎಂದುಕೊಂಡರೂ ಮನೆಬಳಕೆ ಕಳೆದು ಒಂದು ಪೀಪಾಯಿ ತುಂಬಲು ತಿಂಗಳು ಹತ್ತಿರ. ಅಷ್ಟರಲ್ಲಿ ಅಡಿಯ ಬೆಣ್ಣೆ ಹಳತು, ಮೇಲಿನದು ಹೊಸತು, ಪದರ ಪದರಕ್ಕೆ ಬಣ್ಣ ಬೇರೆ. ಕಾರ್ಕ್ ಪಟ್ಟಣದ ಬೆಣ್ಣೆ ಮಾರುಕಟ್ಟೆಯಲ್ಲಿ ಪರೀಕ್ಷಕ ಕೊಳವೆಯಂಥ ಸಲಾಕೆ ಚುಚ್ಚಿ ತೆಗೆದರೆ ಎಲ್ಲ ಬಯಲು. ದರ್ಜೆ ಇಳಿಯಿತು, ದರವೂ ಇಳಿಯಿತು. ಬಡವರ ಬೆಣ್ಣೆ ಕೆಳದರ್ಜೆಯಾದದ್ದು ಕೊಳಕಿನಿಂದ ಎಂದು ಆಗಿನ ವರದಿಗಳಲ್ಲಿ ಬರೆದದ್ದುಂಟು. ನನಗೆ ಕಾಣುವುದು ಹಸುಗಳ ಸಂಖ್ಯೆ.

ಉಳಿದ ಮಜ್ಜಿಗೆ ಎಲ್ಲಿಗೆ ಹೋಯಿತು? ಆಲೂಗಡ್ಡೆಯ ಜೊತೆ ಕುಡಿಯಲು, ಮತ್ತು ಸೋಡಾ ರೊಟ್ಟಿಗೆ. ಒಂದು ಪೌಂಡ್ ಗೋಧಿಹಿಟ್ಟು, ಚಮಚೆ ಅಡುಗೆ ಸೋಡಾ, ಚಮಚೆ ಉಪ್ಪು, ಮುಕ್ಕಾಲು ಪೈಂಟ್ ಮಜ್ಜಿಗೆ. ಕಲಸಿದೊಡನೆ, ನಾದದೆ, ಮೇಲೆ ಅಡ್ಡಗೆರೆ ಕೊಯ್ದು ಕಬ್ಬಿಣದ ಮುಚ್ಚಳದ ಪಾತ್ರೆಗೆ. ಮುಚ್ಚಳದ ಮೇಲೂ ಕೆಂಡ. ತಡಮಾಡಿದರೆ ಹುಳಿ ಮತ್ತು ಸೋಡಾದ ಗಾಳಿ ಹೊರಟುಹೋಗಿ ರೊಟ್ಟಿ ಕಲ್ಲು. ಸೋಡಾ ಹೆಚ್ಚಾದರೆ ಹಳದಿ, ಸಾಬೂನಿನ ರುಚಿ.

ಈಗ ನನ್ನ ತಕರಾರಿಗೆ ಮತ್ತೆ ಬರುತ್ತೇನೆ. 1889ರಲ್ಲಿ ಲಿಮರಿಕ್ ಕೌಂಟಿಯ ಡ್ರಮ್‌ಕಾಲಹರ್‌ನಲ್ಲಿ ಮೊದಲ ಸಹಕಾರಿ ಕ್ರೀಮರಿ, ಅಂದರೆ ಊರವರ ಹಾಲು ಕೂಡಿಸಿ ಬೆಣ್ಣೆ ತೆಗೆಯುವ ಕಾರ್ಖಾನೆ, ಶುರುವಾಯಿತು. ಹೊರೇಸ್ ಪ್ಲಂಕೆಟ್ ಅವರ ರೈತ ಸಹಕಾರ ಚಳವಳಿ, ಒಳ್ಳೆಯ ಉದ್ದೇಶ. ಯಂತ್ರ ಕೆನೆ ತೆಗೆಯಿತು, ಬೆಣ್ಣೆಯ ಗುಣ ಏರಿತು, ದರ ಸಿಕ್ಕಿತು. ಹಾಲಿನ ಕ್ಯಾನು ಗಾಡಿಯಲ್ಲಿ ಹೋಯಿತು, ಕೆನೆಯಿಲ್ಲದ ಹಾಲು ಕರುವಿಗೂ ಹಂದಿಗೂ ವಾಪಸು ಬಂತು. ಹಣ? ಷೇರು ಯಾರ ಹೆಸರಿನಲ್ಲಿತ್ತೋ ಅವರಿಗೆ, ಅಂದರೆ ಸಾಮಾನ್ಯವಾಗಿ ಗಂಡನಿಗೆ. ಬೆಣ್ಣೆಯ ಕಾಸು ಆಕೆಯ ಕೈ ತಪ್ಪಿದ್ದು ಹಾಗೆ. ಉಳಿದದ್ದು ಮೊಟ್ಟೆ. ಅಂಗಡಿಯಲ್ಲಿ ಮೊಟ್ಟೆ ಕೊಟ್ಟು ಚಹಾ ಸಕ್ಕರೆ ತರುವುದು ಆಕೆಯ ವ್ಯವಹಾರ. ಸಗಟಿನಲ್ಲಿ ಮೊಟ್ಟೆಯ ‘ನೂರು’ ಎಂದರೆ 120. ದರ ಏರಲಿ ಎಂದು ಕೂಡಿಟ್ಟು ಹಳಸುತ್ತವೆ, ಕೊಳೆ ಹುಲ್ಲಿನಲ್ಲಿ ಕಟ್ಟುತ್ತಾರೆ ಎಂದು ಇಂಗ್ಲೆಂಡಿನ ವರ್ತಕರು ದೂರುತ್ತಿದ್ದರು. ಆ ದೂರಿನಲ್ಲಿ ಹುರುಳಿತ್ತು. ಆದರೂ ಕೋಳಿಗೂಡು 1 ಎಂಬ ಬಿ2ರ ಸಾಲು ಆ ಮನೆಯ ಚಹಾದ ಖರ್ಚು, ಎ ನಮೂನೆಯ ಖಾಲಿ ಕಾಲಮ್ಮಿಗೆ ಉತ್ತರ.

ಟರ್ಫ್ ಬಗ್ಗೆ ಬೇಗ ಹೇಳುತ್ತೇನೆ. ಜೌಗು ನೆಲದಿಂದ ಏಪ್ರಿಲ್ ಮೇ ತಿಂಗಳಲ್ಲಿ ಮೇಲಿನ ಹುಲ್ಲಿನ ಪದರ ಸುಲಿದು, ಪಕ್ಕಕ್ಕೊಂದು ರೆಕ್ಕೆಯಿರುವ ಸಲಿಕೆಯಿಂದ ಒಂದಡಿ ಉದ್ದದ ತುಂಡು ಕಡಿಯುವವನು ಗಂಡಸು. ಹಸಿ ಟರ್ಫ್‌ನಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ಹರಡಿ, ಮೇಲೆ ಸಿಪ್ಪೆ ಕಟ್ಟಿದ ಮೇಲೆ ಐದಾರು ತುಂಡುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಬೇಕು. ದಿನವಿಡೀ ಬಗ್ಗಿ ಮಾಡುವ ಈ ಕೆಲಸ ಹೆಚ್ಚಾಗಿ ಹೆಂಗಸರದು, ಮಕ್ಕಳದು. ಬೇಗ ಎತ್ತಿದರೆ ಮುರಿಯುತ್ತದೆ, ಒಣಗುವ ಮೊದಲೇ ಹಿಮ ಕಚ್ಚಿದರೆ ಪುಡಿಯಾಗುತ್ತದೆ. ಒಮ್ಮೆ ಚೆನ್ನಾಗಿ ಒಣಗಿತೋ, ಮಳೆ ತಾಗಿದರೂ ಮೊದಲಿನಷ್ಟು ನೀರು ಹೀರುವುದಿಲ್ಲ. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ ಮಲಗುವುದು, ಬೆಳಗ್ಗೆ ಕೆದಕಿ ಹೊತ್ತಿಸುವುದು. ಅದೂ ಯಾವ ಕಾಲಮ್ಮಿನಲ್ಲೂ ಇಲ್ಲ.

ಆಲೂಗಡ್ಡೆ. ತೋಟದವರು ಇಲ್ಲಿ ತುಂಬ ಜನ ಕೂತಿದ್ದೀರಿ, ನಿಮಗಾಗಿ ಒಂದು ಮಾತು. 1845ರಲ್ಲಿ ಬೆಳೆಗೆ ಬಂದದ್ದು ಫೈಟಾಫ್ತೊರಾ ಇನ್‌ಫೆಸ್ಟಾನ್ಸ್ ಎಂಬ ರೋಗಾಣು. ಹಾಸನದ ಆಲೂಗಡ್ಡೆಗೆ ಬರುವ ಅಂಗಮಾರಿಯೂ ಅದೇ. ನಿಮ್ಮ ಅಡಿಕೆಯ ಕೊಳೆರೋಗ ಅದರ ದಾಯಾದಿ. ಮದ್ದೂ ಒಂದೇ ವಂಶದ್ದು, ಮೈಲುತುತ್ತ. ಸುಣ್ಣದ ಜೊತೆ, ಇಲ್ಲವೇ ಬಟ್ಟೆ ಒಗೆಯುವ ಸೋಡಾದ ಜೊತೆ ಕಲಸಿ ಸಿಂಪಡಿಸುವುದು ಐರ್ಲೆಂಡಿನಲ್ಲಿ ಹಬ್ಬಿದ್ದು 1890ರ ನಂತರ, ಕ್ಷಾಮ ಕಳೆದು ನಲವತ್ತು ವರ್ಷ ದಾಟಿದ ಮೇಲೆ. ಪಂಪು ಬೆನ್ನಿಗೇರಿಸಿದವನು ಹಾಳೆಯಲ್ಲಿ ರೈತ. ಪೀಪಾಯಿಗೆ ನೀರು ಹೊತ್ತು ತಂದವರು ಯಾರು ಎಂದು ಮಾತ್ರ ಹಾಳೆ ಹೇಳುವುದಿಲ್ಲ.

ಐದೇ ನಿಮಿಷ ಎಂದು ಚೀಟಿ ಬಂದಿದೆ. ಮದುವೆ ಮತ್ತು ಆಸ್ತಿಯ ಭಾಗವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. 1930ರ ದಶಕದಲ್ಲಿ ಹಾರ್ವರ್ಡಿನ ಮಾನವಶಾಸ್ತ್ರಜ್ಞರು ಕ್ಲೇರ್ ಕೌಂಟಿಯಲ್ಲಿ ಕಂಡದ್ದು: ತಂದೆ ಜಮೀನು ಬರೆದುಕೊಡುವ ತನಕ ಮಗನಿಗೆ ನಲವತ್ತೈದಾದರೂ ಅವನು ‘ಹುಡುಗ’. ಬರೆದುಕೊಟ್ಟ ದಿನ ಸೊಸೆ ಬರುತ್ತಾಳೆ, ಮುದುಕರು ಪಶ್ಚಿಮದ ಕೋಣೆಗೆ ಸರಿಯುತ್ತಾರೆ. ಒಲೆಯ ಪಕ್ಕ ಕೂರುವ ಹಕ್ಕು, ಟರ್ಫ್, ಆಲೂಗಡ್ಡೆ, ಹಸುವಿಗೆ ಮೇವು ಎಲ್ಲ ಕರಾರಿನಲ್ಲಿ ಬರೆಸಿಕೊಳ್ಳುವುದುಂಟು. ಅತ್ತೆ ಸೊಸೆ ವಿಷಯ ನಾನು ವಿವರಿಸಬೇಕಾಗಿಲ್ಲ.

1911ರ ಹಾಳೆಯಲ್ಲಿ ಮದುವೆಯಾದ ಹೆಂಗಸಿಗೆ ಮಾತ್ರ ಮೂರು ಹೊಸ ಪ್ರಶ್ನೆಗಳಿವೆ. ಮದುವೆಯಾಗಿ ಎಷ್ಟು ವರ್ಷ, ಜೀವಂತ ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರುವವರೆಷ್ಟು. ವಿಧವೆಯರನ್ನು ಕೇಳಿರಲಿಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಅವರು ಬರೆಸಿದರು, ಮೇಲೆ ಗೆರೆ ಎಳೆದು ಹೊಡೆದುಹಾಕಿದರು. ಗೆರೆಯ ಕೆಳಗೆ ಅಂಕಿ ಈಗಲೂ ಓದಲು ಬರುತ್ತದೆ. ಗಣತಿಯ ಮೊತ್ತಕ್ಕೆ ಅದು ಸೇರಲಿಲ್ಲ, ನೀವು ಸೇರಿಸಿಕೊಳ್ಳಬಹುದು.

ನಾಳೆ ಬೆಳಗಿನ ಅಭ್ಯಾಸಕ್ಕೆ ಒಂದೊಂದು ಗುಂಪಿಗೆ ಒಂದೊಂದು ಟೌನ್‌ಲ್ಯಾಂಡ್ ಕೊಡುತ್ತೇವೆ. ಬಿ2ರಿಂದ ಶುರುಮಾಡಿ, ಆಮೇಲೆ ಎ ನೋಡಿ. ಬಾವಿಗೆ ಎಲ್ಲೂ ಕಾಲಂ ಇಲ್ಲ, ನೀರಿನ ದೂರವನ್ನು ಮೈಲಿಗೆ ಆರಂಗುಲದ ಅಳತೆಯ ಹಳೆಯ ಸರ್ವೆ ನಕ್ಷೆಯಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಬೇಕು. ಪ್ರಶ್ನೆಗಳಿದ್ದರೆ ಈಗ ಕೇಳಿ, ಊಟಕ್ಕೆ ತಡವಾದರೆ ಬೈಗುಳ ನನಗೆ.